ಗವರ್ನರ್ ಮೂಲಕ ಹೋಗದ ಆದೇಶ: ಲಾಸ್ ಏಂಜಲೀಸ್‌ಗೆ ಸೇನೆ ಇಳಿದ ಪ್ರಕರಣ

2025ರ ಜೂನ್ 7ರ ರಾತ್ರಿ ಅಮೆರಿಕದ ರಕ್ಷಣಾ ಸಚಿವ ಪೀಟ್ ಹೆಗ್ಸೆತ್ ಅವರ ಕಚೇರಿಯಿಂದ ಕ್ಯಾಲಿಫೋರ್ನಿಯಾಕ್ಕೆ ಒಂದು ಆದೇಶಪತ್ರ ಹೊರಟಿತು. ಅದು ಹೋದದ್ದು ಆ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯ ಮುಖ್ಯಸ್ಥರಿಗೆ. ಪತ್ರದ ಮೇಲ್ಭಾಗದಲ್ಲಿ 'ಮೂಲಕ: ಕ್ಯಾಲಿಫೋರ್ನಿಯಾದ ಗವರ್ನರ್' ಎಂದು ನಮೂದಾಗಿತ್ತು. ಸರ್ಕಾರಿ ಕಚೇರಿಗೆ 'ಸೂಕ್ತ ಮಾರ್ಗದ ಮೂಲಕ' ಅರ್ಜಿ ಹಾಕಿದ ಯಾರಿಗಾದರೂ ಈ ಸಾಲಿನ ತೂಕ ಗೊತ್ತು. ಕಾಗದ ಮೇಲಧಿಕಾರಿಯ ಮೇಜನ್ನು ಹಾದು, ಸಹಿ ಬಿದ್ದ ಮೇಲೆ ಮುಂದಕ್ಕೆ ಹೋಗಬೇಕು. ಇಲ್ಲಿ ಹಾಗಾಗಲಿಲ್ಲ. ಗವರ್ನರ್ ಗ್ಯಾವಿನ್ ನ್ಯೂಸಮ್ ಅವರಿಗೆ ಆ ಪತ್ರವನ್ನು ಯಾರೂ ಕಳುಹಿಸಿರಲಿಲ್ಲ. ತಮ್ಮ ಕೈಕೆಳಗಿನ ಸೇನಾಧಿಕಾರಿಯಿಂದಲೇ ಅವರಿಗೆ ಅದರ ವಿಷಯ ತಿಳಿಯಿತು.

ಆ ಒಂದು ಪತ್ರ ಕ್ಯಾಲಿಫೋರ್ನಿಯಾದ 2,000 ಗಾರ್ಡ್ ಯೋಧರನ್ನು 60 ದಿನಗಳ ಮಟ್ಟಿಗೆ ಗವರ್ನರ್ ಕೈಯಿಂದ ತೆಗೆದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಕೈಗೆ ಕೊಟ್ಟಿತು. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ಕೇಂದ್ರ ನೇಮಿಸಿದವರಲ್ಲ. ನಮ್ಮ ಮುಖ್ಯಮಂತ್ರಿಯಂತೆ ರಾಜ್ಯದ ಆಡಳಿತವನ್ನೇ ನಡೆಸುವವರು, ನೇರವಾಗಿ ಜನರ ಮತದಿಂದ ಆಯ್ಕೆಯಾದವರು. ನ್ಯಾಷನಲ್ ಗಾರ್ಡ್ ಸಾಮಾನ್ಯ ದಿನಗಳಲ್ಲಿ ಅವರ ಪಡೆ. ನೆರೆ, ಭೂಕಂಪ, ಕಾಡ್ಗಿಚ್ಚು, ಗಲಭೆ, ಎಲ್ಲಕ್ಕೂ ಅವರೇ ಅದನ್ನು ಕರೆಯುತ್ತಾರೆ. ಯುದ್ಧ ಬಂದರೆ, ಇಲ್ಲವೇ ಕಾನೂನು ಹೇಳಿದ ಕೆಲವೇ ಸಂದರ್ಭಗಳಲ್ಲಿ, ಅಧ್ಯಕ್ಷರು ಅದನ್ನು ಕೇಂದ್ರ ಸೇವೆಗೆ ಎಳೆದುಕೊಳ್ಳಬಹುದು. ಗವರ್ನರ್ ಕೇಳದಿದ್ದರೂ ಅಧ್ಯಕ್ಷರೊಬ್ಬರು ಹೀಗೆ ಗಾರ್ಡ್ ಪಡೆಯನ್ನು ರಾಜ್ಯದೊಳಗೆ ಇಳಿಸಿದ್ದು ಅದಕ್ಕೂ ಮೊದಲು 1965ರಲ್ಲಿ. ಸೆಲ್ಮಾದಿಂದ ಮಾಂಟ್‌ಗೊಮರಿಗೆ ಮತದಾನದ ಹಕ್ಕಿಗಾಗಿ ನಡೆದು ಹೊರಟ ಕಪ್ಪು ಜನರಿಗೆ ರಕ್ಷಣೆ ಕೊಡಲು ಅಲಬಾಮಾ ಗವರ್ನರ್ ಜಾರ್ಜ್ ವ್ಯಾಲೇಸ್ ಒಪ್ಪದಿದ್ದಾಗ ಲಿಂಡನ್ ಜಾನ್ಸನ್ ಆ ಹೆಜ್ಜೆ ಇಟ್ಟಿದ್ದರು. ಅಂದು ಯೋಧರು ಮೆರವಣಿಗೆ ಹೊರಟವರನ್ನು ಕಾಯಲು ಬಂದಿದ್ದರು. 60 ವರ್ಷಗಳ ನಂತರ ಬಂದವರು ಬೀದಿಗಿಳಿದವರನ್ನು ಎದುರಿಸಲು ಬಂದರು.

ಈ ಪ್ರಕರಣವನ್ನು ಬಿಡಿಸಿ ನೋಡುವುದಕ್ಕೆ ಕಾರಣವಿದೆ. ಸೇನೆ ನಗರಕ್ಕೆ ಇಳಿಯಿತು ಎಂದ ಕೂಡಲೇ ನಮ್ಮ ಕಣ್ಣು ಹೋಗುವುದು ಬಂದೂಕಿನ ಕಡೆಗೆ. ಲಾಸ್ ಏಂಜಲೀಸ್‌ನಲ್ಲಿ ಆ ಯೋಧರ ಗುಂಡಿಗೆ ಯಾರೂ ಬಲಿಯಾಗಲಿಲ್ಲ. ಅಲ್ಲಿ ನಿಜವಾಗಿ ಪಣಕ್ಕಿದ್ದ ಪ್ರಶ್ನೆ ಬೇರೆ: ತುರ್ತು ಸಂದರ್ಭ ಇದೆ ಎಂದು ಹೇಳುವವರು ಯಾರು, ಅವರು ಹೇಳಿದ್ದು ಸರಿಯೇ ಎಂದು ಕೇಳುವ ಹಕ್ಕು ಯಾರಿಗಾದರೂ ಇದೆಯೇ, ಇದ್ದರೆ ಉತ್ತರ ಎಷ್ಟು ದಿನಕ್ಕೆ ಸಿಗುತ್ತದೆ.

ಆ ವಾರ ನಡೆದದ್ದು

ಜೂನ್ 6ರ ಶುಕ್ರವಾರ ವಲಸೆ ಜಾರಿ ಸಂಸ್ಥೆಯ (ಐಸಿಇ) ಅಧಿಕಾರಿಗಳು ಲಾಸ್ ಏಂಜಲೀಸ್‌ನ ಬಟ್ಟೆ ವ್ಯಾಪಾರದ ಬೀದಿಗಳಲ್ಲಿ, ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಜಾಗಗಳಲ್ಲಿ ದಾಳಿ ನಡೆಸಿ ಹಲವರನ್ನು ಹಿಡಿದರು. ಜನ ಜಮಾಯಿಸಿದರು. ನೌಕರರ ಸಂಘಟನೆಯೊಂದರ ರಾಜ್ಯಾಧ್ಯಕ್ಷ ಡೇವಿಡ್ ಹುಯೆರ್ಟಾ ಅವರ ಬಂಧನವಾದ ಮೇಲೆ ಸಿಟ್ಟು ಇನ್ನಷ್ಟು ಏರಿತು. ಶನಿವಾರ ನಗರದ ದಕ್ಷಿಣಕ್ಕಿರುವ ಪ್ಯಾರಮೌಂಟ್‌ನಲ್ಲಿ ಘರ್ಷಣೆಯಾಯಿತು. ಆ ಸಂಜೆಯೇ ಅಧ್ಯಕ್ಷರ ಆದೇಶ ಬಂತು.

ಹಿಂಸೆ ನಡೆಯಲೇ ಇಲ್ಲ ಎಂದು ಬರೆಯುವುದು ಸುಳ್ಳಾಗುತ್ತದೆ. ಕೇಂದ್ರ ಸರ್ಕಾರದ ಕಟ್ಟಡದ ಬಳಿ ಗುಂಪೊಂದು ದೊಡ್ಡ ಕಸದ ತೊಟ್ಟಿಯನ್ನು ತಳ್ಳಿಕೊಂಡು ಹೋಗಿ ವಾಹನ ನಿಲ್ದಾಣದ ಬಾಗಿಲು ಮುರಿಯಲು ನೋಡಿತು. ಅಧಿಕಾರಿಗಳ ವಾಹನಗಳ ಮೇಲೆ ಕಾಂಕ್ರೀಟ್ ಚೂರು, ಬಾಟಲಿಗಳು ಬಿದ್ದವು. ಗಾರ್ಡ್ ಬಂದಿಳಿದ ಭಾನುವಾರ ಜನ 101 ಹೆದ್ದಾರಿಯನ್ನು ತಡೆದರು, ಚಾಲಕರಿಲ್ಲದ ವೇಮೋ ಕಾರುಗಳಿಗೆ ಬೆಂಕಿ ಬಿತ್ತು. ಆ ರಾತ್ರಿ ನಗರದ ಪೊಲೀಸ್ ಮುಖ್ಯಸ್ಥ ಜಿಮ್ ಮೆಕ್‌ಡಾನೆಲ್ ಅವರೇ ಪರಿಸ್ಥಿತಿ ಕೈಮೀರಿದೆ ಎಂದು ಒಪ್ಪಿಕೊಂಡರು. ಟೀವಿಯಲ್ಲಿ ಉರಿಯುವ ಕಾರುಗಳನ್ನೇ ಮತ್ತೆ ಮತ್ತೆ ನೋಡಿದವರಿಗೆ ಇಡೀ ನಗರ ಹೊತ್ತಿಕೊಂಡಿದೆ ಎನ್ನಿಸಿದ್ದರೆ ಅವರ ತಪ್ಪಲ್ಲ. ಅಳತೆಯನ್ನೂ ನೋಡಬೇಕು. ಲಾಸ್ ಏಂಜಲೀಸ್ ಸುಮಾರು 500 ಚದರ ಮೈಲಿಯ ನಗರ. ಮೇಯರ್ ಕರೆನ್ ಬಾಸ್ ಜೂನ್ 10ರಂದು ಹೇರಿದ ರಾತ್ರಿ ಕರ್ಫ್ಯೂ ಅದರಲ್ಲಿ ಸುಮಾರು ಒಂದು ಚದರ ಮೈಲಿಗೆ ಮಾತ್ರ. ಒಂದು ವಾರಕ್ಕೆ ಅದೂ ಮುಗಿಯಿತು.

ಯೋಧರ ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು. ಜೂನ್ 9ರಂದು ಇನ್ನೂ 2,000 ಗಾರ್ಡ್‌ಗಳಿಗೆ ಕರೆ ಹೋಯಿತು. ಜತೆಗೆ ಟ್ವೆಂಟಿನೈನ್ ಪಾಮ್ಸ್ ನೆಲೆಯಿಂದ 700 ಮರೀನ್‌ಗಳು, ಅಂದರೆ ರಾಜ್ಯದ ಪಡೆಯಲ್ಲ, ಪೂರ್ಣಕಾಲಿಕ ಕಾದಾಳುಗಳು. ಖರ್ಚು ಸುಮಾರು 13.4 ಕೋಟಿ ಡಾಲರ್ ಎಂದು ಪೆಂಟಗನ್ ಅಧಿಕಾರಿ ಸಂಸತ್ ಸಮಿತಿಗೆ ತಿಳಿಸಿದರು. ಇತ್ತ ಮೊದಲು ಬಂದ ಯೋಧರಿಗೆ ಮಲಗಲು ಹಾಸಿಗೆಯಿರಲಿಲ್ಲ. ಕಟ್ಟಡವೊಂದರ ಬರಿನೆಲದ ಮೇಲೆ ಒಬ್ಬರ ಪಕ್ಕ ಒಬ್ಬರು ಸಮವಸ್ತ್ರದಲ್ಲೇ ಮಲಗಿದ್ದ ಚಿತ್ರಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆ ಪ್ರಕಟಿಸಿತು. ಅವಸರದ ಆದೇಶ ಮೊದಲು ಯಾರ ಬೆನ್ನಿಗೆ ಬೀಳುತ್ತದೆ ಎಂಬುದು ಆ ಚಿತ್ರದಲ್ಲಿತ್ತು. ಅವರಲ್ಲಿ ಕಾಡ್ಗಿಚ್ಚು ನಂದಿಸುವ ತಂಡಗಳಿಂದ ಎಳೆತಂದವರೂ ಇದ್ದರು. ಬೆಂಕಿಯ ಋತು ಹತ್ತಿರವಾದಾಗ, ಜುಲೈ ಮೊದಲ ವಾರದಲ್ಲಿ, 150 ಮಂದಿಯನ್ನು ಆ ಕೆಲಸಕ್ಕೇ ವಾಪಸ್ ಕಳುಹಿಸಬೇಕಾಯಿತು.

ಮರೀನ್‌ಗಳು ಕಾವಲು ಶುರುಮಾಡಿದ ದಿನವೇ, ಜೂನ್ 13ರಂದು, ವಿಲ್‌ಶೈರ್ ಫೆಡರಲ್ ಕಟ್ಟಡದ ಹೊರಗೆ ಒಂದು ಘಟನೆ ನಡೆಯಿತು. ಒಬ್ಬ ವ್ಯಕ್ತಿ ಹಳದಿ ಪಟ್ಟಿ ದಾಟಿ ಒಳಗೆ ಕಾಲಿಟ್ಟ. ಮರೀನ್‌ಗಳು ಅವನನ್ನು ನೆಲಕ್ಕೆ ಮಲಗಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೈ ಕಟ್ಟಿದರು. ವಿಚಾರಿಸಿದರೆ ಅವನು ಅಮೆರಿಕ ಸೇನೆಯ ಮಾಜಿ ಯೋಧ. ನಿವೃತ್ತ ಯೋಧರ ಕಲ್ಯಾಣ ಕಚೇರಿಯಲ್ಲಿ ಕೆಲಸವಿತ್ತು, ಅದಕ್ಕೆ ಬಂದಿದ್ದ. ಬಿಟ್ಟುಬಿಟ್ಟರು. ತನ್ನನ್ನು ಚೆನ್ನಾಗಿಯೇ ನಡೆಸಿಕೊಂಡರು, ಅವರು ತಮ್ಮ ಕೆಲಸ ಮಾಡಿದರು ಎಂದು ಅವನೇ ಸುದ್ದಿಗಾರರಿಗೆ ಹೇಳಿದ. ಯಾರಿಗೂ ಪೆಟ್ಟಾಗದ ಸಣ್ಣ ಪ್ರಸಂಗ. ಆದರೂ ಪೂರ್ಣಕಾಲಿಕ ಸೈನಿಕರು ತಮ್ಮ ದೇಶದ ನಗರವೊಂದರ ಬೀದಿಯಲ್ಲಿ ನಾಗರಿಕನೊಬ್ಬನ ಕೈ ಕಟ್ಟಿದ್ದರು. ಜನರ ಆತಂಕಕ್ಕೆ ಅಷ್ಟು ಸಾಕಾಯಿತು.

ಆತಂಕದ ಬೇರು

ಸೈನಿಕನ ತರಬೇತಿಯೇ ಬೇರೆ, ಪೊಲೀಸನ ತರಬೇತಿಯೇ ಬೇರೆ ಎಂಬುದನ್ನು ಇದೇ ಲಾಸ್ ಏಂಜಲೀಸ್ 1992ರಲ್ಲಿ ಕಂಡಿತ್ತು. ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯರನ್ನು ಥಳಿಸಿದ ಪೊಲೀಸರು ಖುಲಾಸೆಯಾದಾಗ ಎದ್ದ ಗಲಭೆಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಗವರ್ನರ್ ಪೀಟ್ ವಿಲ್ಸನ್ ತಾವಾಗಿಯೇ ಕೇಳಿಕೊಂಡರು, ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಸೇನೆ ಕಳುಹಿಸಿದರು. ಆ ದಿನಗಳಲ್ಲಿ ಕಾಂಪ್ಟನ್‌ನ ಮನೆಯೊಂದರ ಜಗಳ ಬಿಡಿಸಲು ಪೊಲೀಸರು ಹೊರಟರು, ಬೆಂಬಲಕ್ಕೆ ಮರೀನ್‌ಗಳು ಹಿಂಬಾಲಿಸಿದರು. ಒಳಗಿನಿಂದ ಬಾಗಿಲ ಮೂಲಕ ಕೋವಿಯ ಚಿಲ್ಲು ಹಾರಿತು. ಪೊಲೀಸನೊಬ್ಬ ತನಗೆ ಮರೆ ಕೊಡುವಂತೆ ಕೂಗಿದ. ಅವನ ಮಾತಿನ ಅರ್ಥ, ಬಂದೂಕು ಗುರಿಯಿಟ್ಟು ಸಿದ್ಧವಾಗಿರಿ ಎಂದು. ಯುದ್ಧಕ್ಕೆ ಪಳಗಿದ ಮರೀನ್‌ಗಳಿಗೆ ಆ ಕೂಗು ಕೇಳಿಸಿದ್ದು, ಶತ್ರು ತಲೆಯೆತ್ತದಂತೆ ಗುಂಡಿನ ಮಳೆ ಸುರಿಸಿ ಎಂದು. ಕ್ಷಣಗಳಲ್ಲಿ 200ಕ್ಕೂ ಹೆಚ್ಚು ಗುಂಡುಗಳು ಆ ಮನೆಗೆ ಹೊಕ್ಕವು. ಒಳಗೆ ಮಕ್ಕಳಿದ್ದರು. ಯಾರಿಗೂ ಗಾಯವಾಗಲಿಲ್ಲ ಎಂಬುದು ಪವಾಡವೇ ಸರಿ.

ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸಬಾರದೆಂದು ಅಮೆರಿಕದಲ್ಲಿ 1878ರಿಂದಲೂ ಕಾನೂನಿದೆ. ಪಾಸಿ ಕಾಮಿಟೇಟಸ್ ಕಾಯ್ದೆ ಎಂದು ಅದರ ಹೆಸರು. ಅದರ ಹುಟ್ಟು ಮಾತ್ರ ಅಷ್ಟು ಉದಾತ್ತವಲ್ಲ. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮತದ ಹಕ್ಕನ್ನು ಕಾಯುತ್ತಿದ್ದದ್ದು ಕೇಂದ್ರದ ಸೇನೆ. ಅದು ಮತ್ತೆ ತಲೆಹಾಕದಂತೆ ಮಾಡುವುದು ಆ ಕಾಯ್ದೆಗೆ ಒತ್ತಾಸೆಯಾದವರ ಮುಖ್ಯ ಉದ್ದೇಶವಾಗಿತ್ತು. ಇಂದು ನಾಗರಿಕ ಸ್ವಾತಂತ್ರ್ಯದ ಪರ ಇರುವವರೇ ಅದನ್ನು ಎದೆಗವಚಿಕೊಂಡಿದ್ದಾರೆ. ಕಾನೂನುಗಳು ಹುಟ್ಟಿದ ಮನೆಯಲ್ಲೇ ಉಳಿಯುವುದಿಲ್ಲ.

ಆ ನಿಷೇಧಕ್ಕೆ ದೊಡ್ಡ ಬಾಗಿಲೊಂದನ್ನು ತೆರೆದಿಟ್ಟಿರುವುದು 1807ರ ಇನ್‌ಸರೆಕ್ಷನ್ ಕಾಯ್ದೆ, ದಂಗೆ ಅಡಗಿಸಲು ಅಧ್ಯಕ್ಷರಿಗೆ ಸೇನೆ ಬಳಸಲು ಬಿಡುವ ಕಾಯ್ದೆ. 1992ರಲ್ಲಿ ಬುಷ್ ಬಳಸಿದ್ದು ಅದನ್ನೇ, ಆಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಟ್ರಂಪ್ ಕೂಡ 2025ರಲ್ಲಿ ಅದನ್ನು ಮುಟ್ಟಲಿಲ್ಲ. ಅವರು ಆರಿಸಿಕೊಂಡದ್ದು ಹೆಚ್ಚು ಜನ ಕೇಳಿಯೂ ಇರದ ಇನ್ನೊಂದು ಕಲಮು: ಅಮೆರಿಕ ಸಂಹಿತೆಯ 10ನೇ ಶೀರ್ಷಿಕೆಯ 12406ನೇ ಸೆಕ್ಷನ್. ಹಿಂದೆ 1970ರ ಅಂಚೆ ಮುಷ್ಕರದಲ್ಲಿ ನಿಕ್ಸನ್ ಇದರಡಿ ಗಾರ್ಡ್‌ಗಳನ್ನು ಕರೆದು ಕಾಗದ ವಿಂಗಡಿಸಲು ಹಚ್ಚಿದ್ದರು. ಈ ಸೆಕ್ಷನ್ ಮೂರು ಸಂದರ್ಭಗಳನ್ನು ಹೇಳುತ್ತದೆ: ಹೊರದೇಶದ ಆಕ್ರಮಣ ಅಥವಾ ಅದರ ಭೀತಿ, ಸರ್ಕಾರದ ವಿರುದ್ಧ ಬಂಡಾಯ ಅಥವಾ ಅದರ ಭೀತಿ, ಇಲ್ಲವೇ 'ನಿಯಮಿತ ಪಡೆ'ಗಳಿಂದ ದೇಶದ ಕಾನೂನು ಜಾರಿಗೊಳಿಸಲು ಅಧ್ಯಕ್ಷರಿಗೆ ಸಾಧ್ಯವಾಗದ ಸ್ಥಿತಿ. ಕೊನೆಯಲ್ಲಿ, ಆದೇಶಗಳು ಗವರ್ನರ್‌ಗಳ ಮೂಲಕ ಹೊರಡಬೇಕು ಎಂಬ ಷರತ್ತು.

ಜೂನ್ 7ರ ಅಧ್ಯಕ್ಷರ ಆದೇಶವನ್ನು ಓದಿದರೆ ಬೆಚ್ಚಿಬೀಳಿಸುವುದು ಅದರಲ್ಲಿ ಇಲ್ಲದ್ದು. ಲಾಸ್ ಏಂಜಲೀಸ್ ಎಂಬ ಹೆಸರು ಅದರಲ್ಲಿಲ್ಲ, ಕ್ಯಾಲಿಫೋರ್ನಿಯಾ ಎಂಬ ಹೆಸರೂ ಇಲ್ಲ. ಪ್ರತಿಭಟನೆಗಳು ನಡೆಯುತ್ತಿರುವ, ಅಥವಾ ನಡೆಯುವ ಸಂಭವವಿರುವ ಜಾಗಗಳಿಗೆ ಯೋಧರನ್ನು ಕಳುಹಿಸಬಹುದು ಎಂದಷ್ಟೇ ಇದೆ. ಕಾನೂನು ಜಾರಿಗೆ ಅಡ್ಡಿಯಾಗುವ ಮಟ್ಟಿಗೆ ಪ್ರತಿಭಟನೆಗಳೂ ಹಿಂಸೆಯೂ ಒಂದು ಬಗೆಯ ಬಂಡಾಯವೇ ಎಂದಿದೆ. ಊರಿನ ಹೆಸರಿಲ್ಲದ, ಇನ್ನೂ ನಡೆಯದ ಪ್ರತಿಭಟನೆಗೂ ಅನ್ವಯಿಸುವ ಆದೇಶ. ನನ್ನ ಮಟ್ಟಿಗೆ ಮರೀನ್‌ಗಳ ಬಂದೂಕಿಗಿಂತ ಹೆಚ್ಚು ಭಯ ಹುಟ್ಟಿಸುವುದು ಈ ಖಾಲಿ ಬಿಟ್ಟ ಜಾಗ.

ಕೇಳುವ ಹಕ್ಕು ಯಾರಿಗೆ?

ಜೂನ್ 9ರಂದು ಕ್ಯಾಲಿಫೋರ್ನಿಯಾ ದಾವೆ ಹೂಡಿತು. ಪ್ರಕರಣ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಮುಂದೆ ಬಂತು. ಇವರು ಸುಪ್ರೀಂ ಕೋರ್ಟ್‌ನಿಂದ ನಿವೃತ್ತರಾದ ಸ್ಟೀಫನ್ ಬ್ರೇಯರ್ ಅವರ ತಮ್ಮ. ಕೇಂದ್ರದ ವಕೀಲರ ಮುಖ್ಯ ವಾದ ಸರಳ: ಬಂಡಾಯವಿದೆಯೇ ಇಲ್ಲವೇ ಎಂದು ನಿರ್ಧರಿಸುವುದು ಅಧ್ಯಕ್ಷರ ಕೆಲಸ, ನ್ಯಾಯಾಲಯಕ್ಕೆ ಅದರಲ್ಲಿ ಪಾತ್ರವಿಲ್ಲ. ಅದಕ್ಕೆ 1827ರ ತೀರ್ಪೊಂದನ್ನು ಮುಂದಿಟ್ಟರು. 1812ರ ಯುದ್ಧದಲ್ಲಿ ಕರೆಬಂದರೂ ಹಾಜರಾಗದ ನ್ಯೂಯಾರ್ಕ್‌ನ ಮೋಟ್ ಎಂಬುವನ ಪ್ರಕರಣದಲ್ಲಿ, ತುರ್ತು ಎದುರಾಗಿದೆಯೇ ಎಂದು ತೀರ್ಮಾನಿಸುವ ಅಧಿಕಾರ ಅಧ್ಯಕ್ಷರೊಬ್ಬರದೇ ಎಂದು ಸುಪ್ರೀಂ ಕೋರ್ಟ್ ಅಂದು ಹೇಳಿತ್ತು. ಬ್ರಿಟಿಷರು ಗಡಿಯಲ್ಲಿ ಯುದ್ಧ ಹೂಡಿದ್ದ ಕಾಲದ ಮಾತನ್ನು, ನಗರದ ಒಂದು ಚದರ ಮೈಲಿಯ ಗಲಾಟೆಗೆ ತಂದು ಹೊಂದಿಸಲಾಯಿತು.

ಕರ್ನಾಟಕದವರಿಗೆ ಈ ವಾದ ಹೊಸದಾಗಿ ಕೇಳಿಸಬಾರದು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 356ನೇ ವಿಧಿಯಡಿ ವಜಾ ಮಾಡಿದಾಗಲೂ ಎದ್ದ ಪ್ರಶ್ನೆ ಇದೇ. ರಾಷ್ಟ್ರಪತಿಗೆ ಮನವರಿಕೆಯಾಗಿದೆ ಎಂದರೆ ಮುಗಿಯಿತೇ? ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಬೊಮ್ಮಾಯಿ ಕೇಳಿದ ಅವಕಾಶವನ್ನು ರಾಜ್ಯಪಾಲರು ಕೊಟ್ಟಿರಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಆ ಮನವರಿಕೆಗೆ ಆಧಾರವಾದ ಸಾಮಗ್ರಿಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ರಾಜ್ಯ ಚುನಾವಣೆ ಕಂಡು, ಬೇರೆ ಪಕ್ಷದ ಸರ್ಕಾರ ಬಂದು, ಮುಖ್ಯಮಂತ್ರಿಗಳೂ ಬದಲಾಗಿದ್ದರು. ಬೊಮ್ಮಾಯಿ ಅವರ ಹೆಸರು ಕಾನೂನಿನಲ್ಲಿ ಉಳಿಯಿತು, ಕುರ್ಚಿ ಮರಳಲಿಲ್ಲ. ಎರಡು ದೇಶಗಳ ಸಂವಿಧಾನ ಬೇರೆ, ಅಲ್ಲಿ ಸೇನೆಯ ಮಾತು, ಇಲ್ಲಿ ಸರ್ಕಾರದ ವಜಾ. ಆದರೂ ಗಡಿಯಾರದ ಸಮಸ್ಯೆ ಎರಡೂ ಕಡೆ ಒಂದೇ ಎಂಬುದನ್ನು ಲಾಸ್ ಏಂಜಲೀಸ್ ಮತ್ತೆ ತೋರಿಸಿತು.

ಜೂನ್ 12ರ ಸಂಜೆ ಬ್ರೇಯರ್ ತಡೆಯಾಜ್ಞೆ ಕೊಟ್ಟರು: ಬಂಡಾಯವಿರಲಿಲ್ಲ, ಗವರ್ನರ್ ಮೂಲಕ ಆದೇಶ ಹೊರಟಿಲ್ಲ, ಪಡೆಯನ್ನು ಗವರ್ನರ್‌ಗೆ ಮರಳಿಸಿ. ಕೆಲವೇ ಗಂಟೆಗಳಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಡೆಹಿಡಿಯಿತು. ಜೂನ್ 19ರಂದು ಅಲ್ಲಿನ ಮೂವರು ನ್ಯಾಯಾಧೀಶರು ಒಮ್ಮತದಿಂದ ಹೇಳಿದ್ದು ಎರಡು ಮಾತು. ಒಂದು, ಅಧ್ಯಕ್ಷರ ನಿರ್ಧಾರ ಪ್ರಶ್ನಾತೀತ ಎಂಬ ಸರ್ಕಾರದ ವಾದ ಒಪ್ಪತಕ್ಕದ್ದಲ್ಲ, ನ್ಯಾಯಾಲಯ ಪರಿಶೀಲಿಸಬಹುದು. ಇನ್ನೊಂದು, ಆ ಪರಿಶೀಲನೆಯಲ್ಲಿ ಅಧ್ಯಕ್ಷರ ಮಾತಿಗೆ ತುಂಬ ಮನ್ನಣೆ ಕೊಡಬೇಕು. ಕಸದ ತೊಟ್ಟಿ, ಕಾಂಕ್ರೀಟ್ ಚೂರುಗಳ ಸಾಕ್ಷ್ಯ ನೋಡಿದರೆ ಕಾನೂನು ಜಾರಿ ಸಾಧ್ಯವಾಗಲಿಲ್ಲವೆಂಬ ಅವರ ನಿಲುವಿಗೆ ಆಧಾರವಿದೆ ಎನ್ನಬಹುದು. ಮೂವರಲ್ಲಿ ಇಬ್ಬರು ಟ್ರಂಪ್ ನೇಮಿಸಿದವರು, ಒಬ್ಬರು ಬೈಡನ್ ನೇಮಿಸಿದವರು. ಇದನ್ನು ಪಕ್ಷದ ಲೆಕ್ಕದಲ್ಲಿ ಓದಿ ಮುಗಿಸುವಂತಿಲ್ಲ.

'ಮೂಲಕ' ಎಂಬ ಷರತ್ತಿನ ಗತಿ ಏನಾಯಿತು? ಕ್ಯಾಲಿಫೋರ್ನಿಯಾದ ಕಾನೂನಿನಂತೆ ಗಾರ್ಡ್ ಮುಖ್ಯಸ್ಥರು ಗವರ್ನರ್ ಹೆಸರಿನಲ್ಲೇ ಆದೇಶ ಹೊರಡಿಸುವವರು, ಆದ್ದರಿಂದ ಅವರಿಗೆ ಕೊಟ್ಟರೆ ಬಹುಶಃ ಸಾಕು. ಸಾಲದೆಂದುಕೊಂಡರೂ ಗವರ್ನರ್‌ಗೆ ಆದೇಶವನ್ನು ತಡೆಯುವ ಅಧಿಕಾರವಂತೂ ಇಲ್ಲ ಎಂದಿತು ಮೇಲ್ಮನವಿ ನ್ಯಾಯಾಲಯ. ಅಂದರೆ ಕಾಗದ ಹಾದುಹೋಗಬೇಕು, ನಿಲ್ಲಿಸುವಂತಿಲ್ಲ. ಈ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ತಡೆಯುವ ಅಧಿಕಾರವಿಲ್ಲದಿದ್ದರೂ, ಮೊದಲೇ ತಿಳಿದಿದ್ದರೆ ಗವರ್ನರ್ ಕೇಳಬಹುದಾದ ಪ್ರಶ್ನೆಗಳಿದ್ದವು: ಎಷ್ಟು ಜನ, ಎಲ್ಲಿಗೆ, ಕಾಡ್ಗಿಚ್ಚಿನ ತಂಡವನ್ನು ಬಿಟ್ಟು ಬೇರೆಯವರನ್ನು ಕೊಡಲೇ. ಬರಿನೆಲದಲ್ಲಿ ಮಲಗಿದವರಿಗಾದರೂ ಅದರಿಂದ ಉಪಕಾರವಾಗುತ್ತಿತ್ತು.

ಕಟಕಟೆಯಲ್ಲಿ ಮೇಜರ್ ಜನರಲ್

ಆಗಸ್ಟ್ 11ರಿಂದ ಮೂರು ದಿನ ಬ್ರೇಯರ್ ಮುಂದೆ ನಡೆದ ವಿಚಾರಣೆ ಈ ಪ್ರಕರಣದ ಅತ್ಯಂತ ಕುತೂಹಲಕರ ಭಾಗ. ಆಗ ಪ್ರಶ್ನೆ, ಯೋಧರನ್ನು ಕರೆದದ್ದು ಸರಿಯೇ ಎಂಬುದಲ್ಲ. ಬಂದ ಮೇಲೆ ಅವರು ಪೊಲೀಸ್ ಕೆಲಸ ಮಾಡಿದರೇ ಎಂಬುದು. ಸಾಕ್ಷಿ ಹೇಳಿದವರಲ್ಲಿ ಪ್ರಮುಖರು ಲಾಸ್ ಏಂಜಲೀಸ್‌ನ ಪಡೆಗಳ ಹೊಣೆ ಹೊತ್ತಿದ್ದ ಮೇಜರ್ ಜನರಲ್ ಸ್ಕಾಟ್ ಶೆರ್ಮನ್.

ಯೋಧರಿಗೆ ಕೊಟ್ಟ ತರಬೇತಿಯಲ್ಲಿ ಸೇನೆ ಮಾಡಬಾರದ ಕೆಲಸಗಳ ಪಟ್ಟಿಯಿತ್ತು, ಒಟ್ಟು ಹನ್ನೆರಡು. ಬಂಧನ, ಶೋಧ, ಜಪ್ತಿ, ವಿಚಾರಣೆ ಇತ್ಯಾದಿ. ಆ ಪಟ್ಟಿಯಲ್ಲಿನ ನಾಲ್ಕು ಕೆಲಸಗಳನ್ನು, ಅಂದರೆ ಗಸ್ತು, ಸಂಚಾರ ನಿಯಂತ್ರಣ, ಜನಸಂದಣಿ ನಿಯಂತ್ರಣ, ಗಲಭೆ ನಿಯಂತ್ರಣಗಳನ್ನು ಮಾಡಬಹುದು, ಅದಕ್ಕೆ 'ಸಾಂವಿಧಾನಿಕ ವಿನಾಯಿತಿ' ಇದೆ ಎಂದು ತಮಗೆ ಮೇಲಿನಿಂದ ಕಾನೂನು ಸಲಹೆ ಬಂದಿತ್ತು ಎಂದರು ಶೆರ್ಮನ್. ಪಾಠದ ಹಾಳೆಯಲ್ಲಿ ನಿಷೇಧ, ಮೈದಾನದಲ್ಲಿ ಅನುಮತಿ. ಆ ವಿನಾಯಿತಿ ಎಲ್ಲಿ ಬರೆದಿದೆ ಎಂದು ಬ್ರೇಯರ್ ಹುಡುಕಿದರು. ಅಂಥದ್ದು ಇಲ್ಲ ಎಂದು ತೀರ್ಪಿನಲ್ಲಿ ಬರೆದರು.

ಮೆಕಾರ್ಥರ್ ಪಾರ್ಕ್‌ನ ಸಂಗತಿಯೂ ಹೊರಬಂತು. ವಲಸಿಗರೇ ಹೆಚ್ಚಾಗಿರುವ ಬಡಾವಣೆಯ ಉದ್ಯಾನ ಅದು. ಜುಲೈ 7ರ ಬೆಳಿಗ್ಗೆ ಕುದುರೆ ಏರಿದ ಗಡಿ ಕಾವಲು ಅಧಿಕಾರಿಗಳು, ಅವರ ಹಿಂದೆ ಸೇನಾ ವಾಹನಗಳಲ್ಲಿ ಸುಮಾರು 90 ಗಾರ್ಡ್ ಯೋಧರು ಅಲ್ಲಿಗೆ ಬಂದರು. ಸ್ವಲ್ಪ ಹೊತ್ತಿಗೆ ಮೊದಲು ಬೇಸಿಗೆ ಶಿಬಿರದ ಮಕ್ಕಳು ಅಲ್ಲಿ ಆಡುತ್ತಿದ್ದರು. ಒಂದು ತಾಸಿನೊಳಗೆ ಎಲ್ಲರೂ ಹೊರಟುಹೋದರು. ವಲಸೆ ಅಧಿಕಾರಿಗಳು ಇದನ್ನು ಮೊದಲು ಇಟ್ಟುಕೊಂಡದ್ದು ಜೂನ್ 15ರ ಅಪ್ಪಂದಿರ ದಿನಕ್ಕೆ. ಅಂದು ಉದ್ಯಾನ ಕುಟುಂಬಗಳಿಂದ ತುಂಬಿರುತ್ತದೆ, ಬೇಡ ಎಂದು ಶೆರ್ಮನ್ ತಕರಾರು ತೆಗೆದಿದ್ದರು. ಆಗ ಗಡಿ ಕಾವಲು ಪಡೆಯ ಗ್ರೆಗರಿ ಬೊವಿನೊ ತಮ್ಮ ದೇಶನಿಷ್ಠೆಯನ್ನೇ ಪ್ರಶ್ನಿಸಿದರು ಎಂದು ಆ ಸೇನಾಧಿಕಾರಿ ಪ್ರಮಾಣ ಮಾಡಿ ಹೇಳಿದರು. ಸಮವಸ್ತ್ರದಲ್ಲೇ ಜೀವನ ಕಳೆದ ಜನರಲ್‌ಗೆ, ಮಕ್ಕಳಿರುವ ಕಡೆ ಬೇಡ ಎಂದದ್ದಕ್ಕೆ, ನಿಷ್ಠೆಯ ಪಾಠ! ಸೇನೆ ಬಂತು ಎಂದು ಭಯಪಟ್ಟ ಜನಕ್ಕೆ ಗೊತ್ತಿರದ ವಿಷಯವೆಂದರೆ, ಆ ದಿನಗಳಲ್ಲಿ ಬಿಗಿಯಾಗಿ ಲಗಾಮು ಹಿಡಿದವರಲ್ಲಿ ಸೇನೆಯವರೂ ಇದ್ದರು. ಅದನ್ನೇ ನಂಬಿ ಕೂರುವುದು ಮಾತ್ರ ದುಬಾರಿ. ಜನರಲ್‌ಗಳು ವರ್ಗವಾಗುತ್ತಾರೆ.

ಸೆಪ್ಟೆಂಬರ್ 2ರ ತೀರ್ಪಿನಲ್ಲಿ ಬ್ರೇಯರ್, ಸರ್ಕಾರ ಪಾಸಿ ಕಾಮಿಟೇಟಸ್ ಕಾಯ್ದೆಯನ್ನು ಉದ್ದೇಶಪೂರ್ವಕವಾಗಿ ಉಲ್ಲಂಘಿಸಿದೆ ಎಂದರು. ಅಧ್ಯಕ್ಷರೇ ಮುಖ್ಯಸ್ಥರಾದ ರಾಷ್ಟ್ರೀಯ ಪೊಲೀಸ್ ಪಡೆಯೊಂದನ್ನು ಕಟ್ಟುವ ಅಪಾಯವನ್ನು ಎತ್ತಿ ಹೇಳಿದರು. ಎರಡೇ ದಿನಕ್ಕೆ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನೂ ತಡೆಹಿಡಿಯಿತು. ಆ ಹೊತ್ತಿಗೆ ಲಾಸ್ ಏಂಜಲೀಸ್‌ನಲ್ಲಿ ಉಳಿದಿದ್ದವರು ಸುಮಾರು 300 ಯೋಧರು. ಬೀದಿಗಳು ಎಂದೋ ಶಾಂತವಾಗಿದ್ದವು. ಶಾಂತವಾದ ಮೇಲೂ ಯೋಧರನ್ನು ಇಟ್ಟುಕೊಂಡದ್ದೇ ಈ ಪ್ರಕರಣದ ದೊಡ್ಡ ಸಾಕ್ಷ್ಯ ಎಂದು ನನಗೆ ಅನ್ನಿಸುತ್ತದೆ. ಜೂನ್‌ನಲ್ಲಿ ಬೆಂಕಿ ತೋರಿಸಿ ಕರೆತಂದವರಿಗೆ ಅಕ್ಟೋಬರ್‌ನಲ್ಲಿ ಬೇರೆ ಕೆಲಸ ಹುಡುಕಲಾಯಿತು.

ಒಂದು ಊರಿನ ಆದೇಶ ಮೂರು ಊರಿಗೆ

ಆ ಕೆಲಸ ಸಿಕ್ಕಿದ್ದು ಒರೆಗಾನ್‌ನಲ್ಲಿ. ಪೋರ್ಟ್‌ಲ್ಯಾಂಡ್ ನಗರಕ್ಕೆ ಅಲ್ಲಿನ ಗಾರ್ಡ್ ಕಳುಹಿಸುವುದನ್ನು ಅಕ್ಟೋಬರ್ 4ರಂದು ನ್ಯಾಯಾಧೀಶೆ ಕರಿನ್ ಇಮ್ಮರ್‌ಗಟ್ ತಡೆದರು. ಇವರೂ ಟ್ರಂಪ್ ಅವರೇ ನೇಮಿಸಿದವರು. ಅಧ್ಯಕ್ಷರ ನಿರ್ಧಾರಕ್ಕೂ ವಾಸ್ತವಕ್ಕೂ ನಂಟೇ ಇಲ್ಲ ಎಂದು ಅವರು ಬರೆದರು. ಮರುದಿನವೇ ಕ್ಯಾಲಿಫೋರ್ನಿಯಾದ ಗಾರ್ಡ್ ಯೋಧರನ್ನು ಅಲ್ಲಿಗೆ ಸಾಗಿಸಲು ಸರ್ಕಾರ ಹೊರಟಿತು. ಅದನ್ನೂ ಅವರು ಅದೇ ರಾತ್ರಿ ತಡೆದರು. ಊರಿನ ಹೆಸರಿಲ್ಲದ ಜೂನ್ ಆದೇಶದ ಉಪಯೋಗ ಏನೆಂದು ಆಗ ಎಲ್ಲರಿಗೂ ಅರ್ಥವಾಯಿತು.

ಷಿಕಾಗೊಗೂ ಗಾರ್ಡ್ ಕಳುಹಿಸಲು ಸರ್ಕಾರ ಹೊರಟಾಗ ಕೆಳಗಿನ ಎರಡೂ ನ್ಯಾಯಾಲಯಗಳು ಯೋಧರು ಬೀದಿಗಿಳಿಯದಂತೆ ತಡೆದವು, ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು. ಅಲ್ಲಿ ತಿರುವು ಬಂದದ್ದು ವಾದಿಯಿಂದಲೂ ಅಲ್ಲ, ಪ್ರತಿವಾದಿಯಿಂದಲೂ ಅಲ್ಲ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಮಾರ್ಟಿ ಲೆಡರ್‌ಮನ್ ನ್ಯಾಯಾಲಯದ ಮಿತ್ರರಾಗಿ ಸಲ್ಲಿಸಿದ ಟಿಪ್ಪಣಿಯಿಂದ. ಸೆಕ್ಷನ್ ಹೇಳುವ 'ನಿಯಮಿತ ಪಡೆ' ಎಂದರೆ ಐಸಿಇಯಂಥ ನಾಗರಿಕ ಅಧಿಕಾರಿಗಳು ಎಂದು ಸರ್ಕಾರ ಓದಿತ್ತು. ಅಲ್ಲ, ಅದು ದೇಶದ ಪೂರ್ಣಕಾಲಿಕ ಸೇನೆ ಎಂದರು ಲೆಡರ್‌ಮನ್. ಹಾಗಾದರೆ ಲೆಕ್ಕವೇ ತಲೆಕೆಳಗು. ಸೇನೆಯಿಂದಲೂ ಕಾನೂನು ಜಾರಿ ಆಗದಿದ್ದರೆ ಮಾತ್ರ ಗಾರ್ಡ್ ಕರೆಯಬೇಕು. ಸೇನೆ ಕಾನೂನು ಜಾರಿಗಿಳಿಯಬೇಕಾದರೆ ಮೊದಲು ಅದಕ್ಕೆ ಬೇರೊಂದು ಕಾನೂನಿನ ಅನುಮತಿ ಬೇಕು. ಅದನ್ನು ಸರ್ಕಾರ ತೋರಿಸಿಯೇ ಇರಲಿಲ್ಲ. ಡಿಸೆಂಬರ್ 23ರಂದು ಸುಪ್ರೀಂ ಕೋರ್ಟ್ ಬಹುತೇಕ ಈ ಓದನ್ನೇ ಒಪ್ಪಿ ಸರ್ಕಾರದ ಮನವಿಯನ್ನು ತಳ್ಳಿಹಾಕಿತು. ನ್ಯಾಯಮೂರ್ತಿಗಳಾದ ಅಲಿಟೊ, ಥಾಮಸ್, ಗೊರ್ಸಚ್ ಭಿನ್ನಮತ ತಳೆದರು.

ಅದಕ್ಕೂ ಮೊದಲೇ, ಡಿಸೆಂಬರ್ 10ರಂದು, ಬ್ರೇಯರ್ ಲಾಸ್ ಏಂಜಲೀಸ್‌ನಲ್ಲಿ ಉಳಿದ ಯೋಧರನ್ನು ಗವರ್ನರ್‌ಗೆ ಮರಳಿಸಲು ಹೇಳಿದ್ದರು. ಸರ್ಕಾರಕ್ಕೆ ಬೇಕಾಗಿರುವುದು ಅಂಕುಶವಲ್ಲ, ಅಂಕೆಯಿಲ್ಲದ ಖಾಲಿ ಚೆಕ್ಕು ಎಂಬ ಅರ್ಥದ ಚುರುಕು ಮಾತು ಆ ಆದೇಶದಲ್ಲಿದೆ. ಆಗ ಅಲ್ಲಿದ್ದವರು ನೂರರ ಆಸುಪಾಸು. ಡಿಸೆಂಬರ್ 31ರಂದು ಟ್ರಂಪ್ ಮೂರೂ ನಗರಗಳಿಂದ ಗಾರ್ಡ್ ಹಿಂತೆಗೆಯುವುದಾಗಿ ಪ್ರಕಟಿಸಿದರು. 60 ದಿನವೆಂದು ಶುರುವಾದ ಆದೇಶ ಏಳು ತಿಂಗಳಿಗೆ ಸಮೀಪಿಸಿತ್ತು.

ನ್ಯಾಯಾಲಯ ಗೆದ್ದಿತು ಎಂದು ಹಲವರು ಬರೆದರು. ನನಗೆ ಹಾಗೆ ಬರೆಯಲು ಮನಸ್ಸು ಬಾರದು. ಸೇನೆ ಎಷ್ಟು ದಿನ ಇರಬೇಕೆಂದು ಆ ಏಳು ತಿಂಗಳ ಬಹುಪಾಲು ನಿರ್ಧರಿಸಿದ್ದು ಆದೇಶ ಕೊಟ್ಟವರೇ. ಕೆಳಗಿನ ನ್ಯಾಯಾಲಯ ಎರಡು ಸಲ ತಪ್ಪೆಂದರೂ ಯೋಧರು ಬೀದಿಯಲ್ಲೇ ಇದ್ದರು. ಅಂತಿಮವಾಗಿ ತಡೆದದ್ದು 12406ನೇ ಸೆಕ್ಷನ್ನಿನ ಓದು. ಆ ಓದು ಮುಚ್ಚಿದ್ದು ಒಂದು ಬಾಗಿಲನ್ನು ಮಾತ್ರ. ಫಲಿತಾಂಶವನ್ನಷ್ಟೇ ಒಪ್ಪಿ ಬೇರೆಯಾಗಿ ಬರೆದ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ ಒಂದು ಅಡಿಟಿಪ್ಪಣಿಯಲ್ಲಿ ಇದನ್ನೇ ಎತ್ತಿದರು: ಈ ತೀರ್ಪಿನಿಂದಾಗಿ ಅಧ್ಯಕ್ಷರು ಗಾರ್ಡ್ ಬಿಟ್ಟು ನೇರವಾಗಿ ಸೇನೆಯನ್ನೇ ಹೆಚ್ಚು ಬಳಸುವಂತಾಗಬಹುದು.

ಆ ತೀರ್ಪು ಬಂದು ಮೂರು ವಾರವಷ್ಟೇ ಕಳೆದಿತ್ತು. 2026ರ ಜನವರಿ ಮಧ್ಯದಲ್ಲಿ, ಮಿನಿಯಾಪೊಲಿಸ್‌ನಲ್ಲಿ ಐಸಿಇ ಅಧಿಕಾರಿಯ ಗುಂಡಿಗೆ ಮಹಿಳೆಯೊಬ್ಬರು ಬಲಿಯಾಗಿ ಪ್ರತಿಭಟನೆಗಳು ಎದ್ದಾಗ, ಇನ್‌ಸರೆಕ್ಷನ್ ಕಾಯ್ದೆ ಬಳಸುತ್ತೇನೆ ಎಂದು ಟ್ರಂಪ್ ಬೆದರಿಸಿದರು. ಆ ಕಾಯ್ದೆಯಡಿ ಇಳಿದ ಸೇನೆಗೆ ಪಾಸಿ ಕಾಮಿಟೇಟಸ್ ನಿಷೇಧ ಅನ್ವಯಿಸುವುದಿಲ್ಲ. ಅಂದರೆ ಶೆರ್ಮನ್ ಅವರನ್ನು ಕಟಕಟೆಗೆ ಕರೆದು ಹನ್ನೆರಡು ಕೆಲಸಗಳ ಪಟ್ಟಿಯನ್ನು ಮುಂದಿಟ್ಟು ಕೇಳಿದ ಪ್ರಶ್ನೆಗಳಿಗೆ ಅಲ್ಲಿ ಜಾಗವೇ ಇರುವುದಿಲ್ಲ. ದಂಗೆ ಎಂದರೇನು ಎಂದು ಆ ಕಾಯ್ದೆ ಎಲ್ಲಿಯೂ ವಿವರಿಸಿಲ್ಲ. ಸೇನೆ ಎಷ್ಟು ದಿನ ಇರಬಹುದು ಎಂಬ ಮಿತಿಯಿಲ್ಲ, ಸಂಸತ್ತಿನ ಒಪ್ಪಿಗೆ ಬೇಕೆಂದೂ ಇಲ್ಲ. ಮುಂಚಿತವಾಗಿ ಬೇಕಾಗಿರುವುದು ಒಂದೇ ಒಂದು ಕಾಗದ: ಚದುರಿ ಮನೆಗೆ ಹೋಗಿ ಎಂದು ಜನರಿಗೆ ಅಧ್ಯಕ್ಷರು ಹೊರಡಿಸುವ ಘೋಷಣೆ. ಅದು ಯಾರ ಮೂಲಕವೂ ಹೋಗಬೇಕಾಗಿಲ್ಲ.